ತಾಡಪತ್ರಿ ಉಚಿತ

ಹೋದ ತಿಂಗಳು ಬೆಂಗಳೂರಿನಿಂದ ಇಬ್ಬರು ಹುಡುಗರು ಹೊಸಪೇಟೆಯ ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ಗಂಡಸರನ್ನು ಇಷ್ಟಪಡುವ ಗಂಡಸರಿಗಾಗಿ ಮೊಬೈಲಿನಲ್ಲಿ ಒಂದು ಆರೋಗ್ಯದ ಆ್ಯಪ್ ಮಾಡುತ್ತಿದ್ದಾರಂತೆ. ಚಹಾ ಕುಡಿಯುತ್ತ, ‘ಮೇಡಂ, ನಿಮ್ಮ ಕಾಲದಲ್ಲಿ ಡಿಜಿಟಲ್ ಅಂತ ಏನಿತ್ತು?’ ಎಂದು ಕೇಳಿದರು. ‘ಮಿಸ್ಡ್ ಕಾಲ್ ಇತ್ತಪ್ಪ’ ಎಂದೆ. ಇಬ್ಬರೂ ನಕ್ಕರು. ನನಗೆ ಸಿಟ್ಟು ಬಂತು. ಅವರು ಹೋದ ಮೇಲೆ ಕನ್ನಡಕ ಹಾಕಿಕೊಂಡು ಬರೆಯಲು ಕೂತೆ. ಈ ಕೆಲಸಕ್ಕೆ ಬರುವ ಮಕ್ಕಳು ಓದಲಿ. ನಗುವುದಾದರೆ ನಗಲಿ, ಆದರೆ ಪೂರ್ತಿ ಓದಿ ನಗಲಿ.

ನಾನು ಮೂಲತಃ ನರ್ಸ್. ಹಳ್ಳಿಗಳಲ್ಲಿ ಬಸುರಿಯರ ತಪಾಸಣೆ ಮಾಡಿ, ಕೂಸುಗಳ ತೂಕ ಹಿಡಿದು ಸಾಕಾದ ಮೇಲೆ ಹೊಸಪೇಟೆಯ ಒಂದು ಸಂಸ್ಥೆಗೆ ಆಪ್ತ ಸಲಹೆಗಾರ್ತಿಯಾಗಿ ಸೇರಿದೆ. ಗಣಿಯ ಕಾಲ ಅದು. ಸಂಡೂರಿನಿಂದ ಅದಿರು ಹೊತ್ತ ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದವು. ಒಗೆದು ಹಾಕಿದ ಬಿಳಿ ಬಟ್ಟೆ ಒಣಗುವಷ್ಟರಲ್ಲಿ ಕೆಂಪಾಗುತ್ತಿತ್ತು. ತೋರಣಗಲ್ಲು, ಕುರೆಕುಪ್ಪದ ಕಡೆ ಎಲ್ಲೆಲ್ಲಿಂದಲೋ ಗಂಡಸರು ಕೆಲಸಕ್ಕೆ ಬಂದು ತುಂಬಿಕೊಂಡಿದ್ದರು. ಕೈಗೆ ನಾಲ್ಕು ಕಾಸು ಬರುತ್ತಲೇ ಎಲ್ಲರೂ ಮೊದಲು ಕೊಂಡದ್ದು ಮೊಬೈಲ್.

ಗಂಡಸರ ಜೊತೆ ಸಂಬಂಧ ಇರುವ ಗಂಡಸರಿಗೆ ಗುಪ್ತರೋಗಗಳ ಬಗ್ಗೆ ತಿಳಿಸುವುದು, ರಕ್ತ ಪರೀಕ್ಷೆ ಮಾಡಿಸುವುದು, ಕಾಂಡೋಮ್ ಕೊಡುವುದು, ರೋಗ ಇದ್ದರೆ ಮದ್ದು ಹಾಕಿಸುವುದು ನಮ್ಮ ಕೆಲಸ. ಹೇಳಲು ಸುಲಭ. ಅವರು ಬರಬೇಕಲ್ಲ. ಆಗ ಕಾನೂನು ಅವರ ಪರ ಇರಲಿಲ್ಲ. ಪೊಲೀಸರಿಗೆ ಸಿಕ್ಕರೆ ಏಟು, ಮನೆಯವರಿಗೆ ಗೊತ್ತಾದರೆ ಮಾನ ಹೋಗುತ್ತದೆಂಬ ಭಯ. ಬಹಳ ಜನಕ್ಕೆ ಮದುವೆಯೂ ಆಗಿತ್ತು. ಎದುರಿಗೆ ಬಾರದವರನ್ನು ಮೊಬೈಲಿನಲ್ಲಿ ಮುಟ್ಟೋಣ ಎಂದು ಹೊರಟವರು ನಮ್ಮ ಮ್ಯಾನೇಜರ್ ವಾಸುದೇವ ಸರ್.

ಅವರು ಮೈಸೂರಿನವರು. ಒಳ್ಳೆಯ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಕನ್ನಡ. ಅವರ ಕೈಕೆಳಗೆ ಕ್ಷೇತ್ರ ಕಾರ್ಯಕರ್ತನಾಗಿ ಹುಲುಗಪ್ಪ. ಮೊದಲು ಹಂಪಿಯಲ್ಲಿ ಆಟೋ ಓಡಿಸುತ್ತಿದ್ದವನು, ಸ್ವತಃ ಗಂಡಸರನ್ನೇ ಇಷ್ಟಪಡುವವನು, ಅದನ್ನು ಯಾರ ಮುಂದೆಯೂ ಮುಚ್ಚಿಟ್ಟವನಲ್ಲ. ಇಬ್ಬರ ನಡುವೆ ನಾನು ದುಭಾಷಿ. ಸರ್ ಹೇಳಿದ್ದು ಹುಲುಗಪ್ಪನಿಗೆ, ಹುಲುಗಪ್ಪ ಹೇಳಿದ್ದು ಸರ್‌ಗೆ ಬಿಡಿಸಿ ಹೇಳುವುದರಲ್ಲೇ ನನ್ನ ಅರ್ಧ ಆಯುಷ್ಯ ಹೋಯಿತು.

ಸರ್ ಮೊದಲು ಮಾಡಿಸಿದ್ದು ವೆಬ್‌ಸೈಟ್. ಹುಲುಗಪ್ಪನಂಥವರು ತಮ್ಮತಮ್ಮಲ್ಲಿ ತಮ್ಮನ್ನು ‘ಕೋತಿ’ ಎಂದು ಕರೆದುಕೊಳ್ಳುತ್ತಾರೆ. ಅದು ಬೇರೆ ಕಡೆಯಿಂದ ಬಂದ ಮಾತು, ಮಂಗನಿಗೂ ಅದಕ್ಕೂ ಸಂಬಂಧವಿಲ್ಲ. ಸರ್ ಅದನ್ನು ತರಬೇತಿಯಲ್ಲಿ ಕಲಿತು ಬಂದಿದ್ದರು. ಗೌರವದಿಂದಲೇ ಬರೆಸಿದರು: ‘ಹಂಪಿ ಪರಿಸರದ ಕೋತಿಗಳಿಗೆ ಉಚಿತ ರಕ್ತ ಪರೀಕ್ಷೆ ಮತ್ತು ಸಮಾಲೋಚನೆ.’ ಕೆಳಗೆ ನಮ್ಮ ಫೋನ್ ನಂಬರು. ಆ ವೆಬ್‌ಸೈಟ್ ನೋಡಿ ನಮಗೆ ಬಂದ ಫೋನ್ ಒಂದೇ ಒಂದು. ಹಂಪಿಯ ಗೆಸ್ಟ್ ಹೌಸಿನ ಮಾಲೀಕರು ಮಾಡಿದ್ದರು.

‘ರಕ್ತ ಆಮ್ಯಾಲೆ ನೋಡ್ರಿ, ಮೊದಲ ಹಿಡ್ಕೊಂಡು ಹೋಗ್ರಿ ಇವನ್ನ. ಮಾಳಿಗಿ ಮ್ಯಾಲೆ ಒಣಾಕಿದ್ದ ಹಪ್ಪಳ ಒಂದೂ ಬಿಟ್ಟಿಲ್ಲ. ನಿನ್ನೆ ಒಬ್ಬ ಫಾರಿನ್ ಹೆಣ್ಣಮಗಳ ಕ್ಯಾಮೆರಾ ಒಯ್ದಾವು.’

ಹುಲುಗಪ್ಪ ಫೋನ್ ಇಸಿದುಕೊಂಡು, ‘ನಾನು ಕ್ಯಾಮೆರಾ ಒಯ್ದಿಲ್ರಿ ಯಜಮಾನ್ರ, ಹಪ್ಪಳ ಬೇಕಾದ್ರ ತಿಂದಿರಬಹುದು’ ಎಂದ. ಅಂದು ನಾವು ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಸರ್ ಮಾತ್ರ ಆ ಕರೆಯನ್ನೂ ತಿಂಗಳ ವರದಿಯಲ್ಲಿ ‘ಸಾರ್ವಜನಿಕ ಪ್ರತಿಕ್ರಿಯೆ’ ಎಂದು ಸೇರಿಸಿದರು.

ಆಮೇಲೆ ಚಾಟಿಂಗ್ ಬಂತು. ಹೊಸಪೇಟೆಯ ಸೈಬರ್ ಸೆಂಟರುಗಳಲ್ಲಿ ಪರದೆ ಹಾಕಿದ ಗೂಡುಗಳಿರುತ್ತಿದ್ದವು. ಅಲ್ಲಿ ಕೂತು ಗಂಡಸರು ಸುಳ್ಳು ಹೆಸರಿನಲ್ಲಿ ಗೆಳೆಯರನ್ನು ಹುಡುಕುತ್ತಿದ್ದರು. ಹುಲುಗಪ್ಪ ಅಲ್ಲಿಗೆ ಹೋಗಿ, ಒಂದೇ ಬೆರಳಿನಲ್ಲಿ ಕುಟ್ಟುತ್ತ, ಯಾರೋ ಒಬ್ಬ ‘ರಾಹುಲ್’ಗೆ ಇಡೀ ಮಧ್ಯಾಹ್ನ ಬುದ್ಧಿ ಹೇಳಿ ಬಂದ. ‘ಅಕ್ಕಾ, ಭಾಳ ಒಳ್ಳೆ ಹುಡುಗ, ಎಲ್ಲಾ ಕೇಳ್ದ’ ಎಂದು ಹಿಗ್ಗಿದ. ಸಂಜೆ ವಾಸುದೇವ ಸರ್ ಕೂಡ ಹಿಗ್ಗುತ್ತ ಬಂದರು. ಅವರೂ ಆಫೀಸಿನ ಕಂಪ್ಯೂಟರಿನಲ್ಲಿ ಬೇರೆ ಹೆಸರಿಟ್ಟುಕೊಂಡು ಒಬ್ಬ ತಿಳಿವಳಿಕಸ್ಥನ ಜೊತೆ ಮಾತಾಡಿದ್ದರಂತೆ. ‘ರೀ, ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು. ನಮ್ಮ ಸಂಸ್ಥೆಗೆ ಸೇರಿಸ್ಕೋಬೇಕು ಅಂತಿದ್ದೀನಿ’ ಎಂದರು. ‘ನೀವು ಏನು ಹೆಸರು ಇಟ್ಕೊಂಡಿದ್ರಿ ಸರ್?’ ಎಂದು ಕೇಳಿದೆ. ‘ರಾಹುಲ್’ ಎಂದರು. ಹುಲುಗಪ್ಪ ನಾಲಿಗೆ ಕಚ್ಚಿಕೊಂಡು ಒಳಗೆ ಓಡಿದ.

ಇಷ್ಟೆಲ್ಲ ಆದ ಮೇಲೆ ಎಸ್ಸೆಮ್ಮೆಸ್ಸಿಗೆ ಬಂದೆವು. ನಮ್ಮಲ್ಲಿಗೆ ಬಂದವರ, ಹುಲುಗಪ್ಪನಿಗೆ ಸಿಕ್ಕವರ ನಂಬರುಗಳು ಇದ್ದವು. ಒಂದು ಗುಂಡಿ ಒತ್ತಿದರೆ ಎಲ್ಲರಿಗೂ ಸಂದೇಶ ಹೋಗುವ ವ್ಯವಸ್ಥೆಯನ್ನು ಸರ್ ಮಾಡಿಸಿದರು. ಆಗಿನ ಅಗ್ಗದ ಮೊಬೈಲುಗಳಲ್ಲಿ ಕನ್ನಡ ಅಕ್ಷರ ಮೂಡುತ್ತಿರಲಿಲ್ಲ, ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕು. ಸರ್ ಬರೆದ ಮೊದಲ ಸಂದೇಶ, ‘ಸುರಕ್ಷಿತ ಲೈಂಗಿಕ ನಡವಳಿಕೆಯೇ ಸ್ವಸ್ಥ ಜೀವನದ ಸೋಪಾನ.’ ಅದು ಹೋದ ಮರುದಿನವೇ ಕುರೆಕುಪ್ಪದಿಂದ ಒಬ್ಬ ಬಂದು ತನ್ನ ಮೊಬೈಲನ್ನು ನನ್ನ ಮೇಜಿನ ಮೇಲೆ ಕುಕ್ಕಿದ.

‘ಅಕ್ಕಾ, ನಮ್ಮನ್ಯಾಗ ಫೋನ್ ಒಂದ, ಮಂದಿ ಏಳು. ನನ್ನ ಕಿಸೆದಾಗ ಇದು ಇರೋದು ನಾ ಬಸ್ಸಿನ್ಯಾಗ ಇದ್ದಾಗ ಅಷ್ಟ. ನಿಮ್ಮ ಸೋಪಾನ ನಮ್ಮಣ್ಣ ಓದಿದ. ಸಾಬೂನಿನ ಜಾಹೀರಾತು ಅಂತ ಹೇಳಿ ಬಚಾವಾಗೇನಿ. ಇನ್ನೊಂದ್ ಸಲ ಬಂತಂದ್ರ ಫೋನ್ ಬಾವಿಗೆ ಒಗಿತೀನಿ.’

ಆ್ಯಪ್ ಮಾಡುವ ಮಕ್ಕಳೇ, ಇದನ್ನು ಎರಡು ಸಲ ಓದಿ. ಕೈಯಲ್ಲಿ ಹಿಡಿದವನದೇ ಫೋನ್ ಎಂದು ನೀವು ತಿಳಿದಿದ್ದೀರಿ. ನಮ್ಮ ಕಡೆ ಫೋನು ಮನೆಯ ಕೊಡಪಾನದ ಹಾಗೆ, ಯಾರು ಬೇಕಾದರೂ ಎತ್ತಿಕೊಳ್ಳುತ್ತಾರೆ.

ಹಾಗಾಗಿ ಯಾರು ಓದಿದರೂ ಅನುಮಾನ ಬಾರದ ಒಂದು ಮಾತು ಬೇಕಾಯಿತು. ‘ಛತ್ರಿ’ ಇರಲಿ ಎಂದೆ ನಾನು. ‘ಕವಚ’ ಎಂದರು ಸರ್. ಹುಲುಗಪ್ಪ ಇಬ್ಬರನ್ನೂ ಕೈ ಎತ್ತಿ ಸುಮ್ಮನಾಗಿಸಿದ. ‘ನಮ್ಮ ಹುಡುಗ್ರು ಆಗಲೇ ಒಂದ್ ಹೆಸರಿಟ್ಟಾರ ಅಕ್ಕಾ. ಅದಿರಿನ ಲಾರಿ ಡ್ರೈವರುಗಳು ಎಲ್ಲಾರೂ ಅದನ್ನ ಅಂತಾರ. ತಾಡಪತ್ರಿ.’

ಲಾರಿಯ ಮೇಲೆ ಹೊದಿಸುವ ದಪ್ಪ ಹೊದಿಕೆ ತಾಡಪತ್ರಿ. ಅದನ್ನು ಹೊದಿಸದೆ ಅದಿರು ಒಯ್ದರೆ ರಸ್ತೆಯಲ್ಲಿ ಹಿಡಿಯುತ್ತಿದ್ದರು. ಲೋಡು, ತಾಡಪತ್ರಿ ಎಂಬ ಮಾತಿಲ್ಲದೆ ಆ ದಿನಗಳಲ್ಲಿ ಇಲ್ಲಿ ಯಾರೂ ಉಸಿರೇ ಬಿಡುತ್ತಿರಲಿಲ್ಲ. ಕೂಡಿ ಬರೆದೆವು: ‘ಲೋಡಿಗೆ ಹೋಗುವ ಮುನ್ನ ತಾಡಪತ್ರಿ ಮರೆಯಬೇಡಿ. ತಾಡಪತ್ರಿ ಉಚಿತ. ಎಷ್ಟು ಬೇಕಾದರೂ ಕೊಡುತ್ತೇವೆ. ನಮ್ಮ ಆಫೀಸಿಗೆ ಬನ್ನಿ.’ ಕೆಳಗೆ ವಿಳಾಸ, ಫೋನ್ ನಂಬರು. ಹುಲುಗಪ್ಪ ಮನೆಗೆ ಹೋಗಿ ಅವರಮ್ಮನಿಗೆ ಓದಿ ಹೇಳಿದ. ‘ಛಲೋ ಹೇಳ್ಯಾರಲ್ಲ, ಮಳಿ ಬಂದ್ರ ಅದಿರು ತೊಯ್ಯತೈತಿ’ ಎಂದರಂತೆ. ನಮ್ಮ ಪರೀಕ್ಷೆ ಪಾಸಾಯಿತು. ಯಾರಿಗೂ ಎಳ್ಳಷ್ಟೂ ಅನುಮಾನ ಬಾರದ ಹಾಗೆ ಬರೆದಿದ್ದೆವು. ಅದೇ ಎಡವಟ್ಟಾಯಿತು.

ಅದನ್ನು ಹೇಳುವ ಮೊದಲು ಚನ್ನಬಸಪ್ಪನ ವಿಷಯ ಹೇಳಬೇಕು. ಹೆಸರು ನಾನಿಟ್ಟದ್ದು. ಕಂಪ್ಲಿಯ ಕಡೆಯವನು, ಸ್ವಂತಕ್ಕೆ ಸ್ವಲ್ಪ ಗದ್ದೆ, ಜೊತೆಗೆ ಅಕ್ಕಿ ಗಿರಣಿಯಲ್ಲಿ ಮೇಲ್ವಿಚಾರಣೆಯ ಕೆಲಸ. ಹುಲುಗಪ್ಪನಿಂದ ನಮ್ಮ ನಂಬರು ಪಡೆದು ಮಿಸ್ಡ್ ಕಾಲ್ ಕೊಡುತ್ತಿದ್ದ, ನಾನು ತಿರುಗಿ ಮಾಡುತ್ತಿದ್ದೆ. ಮಾತಿನ ನಡುವೆ ಹಿಂದಿನಿಂದ ಹೆಂಗಸಿನ ದನಿ ಕೇಳಿದರೆ, ‘ರಾಂಗ್ ನಂಬರ್ ರೀ’ ಎಂದು ಇಟ್ಟುಬಿಡುತ್ತಿದ್ದ. ಸ್ವಲ್ಪ ಹೊತ್ತಿಗೆ ಮತ್ತೆ ಅವನದೇ ಮಿಸ್ಡ್ ಕಾಲ್. ಹೀಗೆ ತುಂಡುತುಂಡಾಗಿ ನನಗೆ ಅವನ ಕಷ್ಟ ತಿಳಿಯಿತು.

‘ಮೊದಲ ಒಂದ್ ಹುಣ್ಣಾಗಿತ್ರಿ ಅಕ್ಕಾರ. ನೋವಿದ್ದಿಲ್ಲ, ತಾನ ಮಾಯಿತು. ಈಗ ಅಂಗೈಯಾಗ ಕೆಂಪ ಚುಕ್ಕಿ ಎದ್ದಾವು. ಮಿಲ್ಲಿನ ತೌಡಿನ ಕಾವಿಗೆ ಅಂತ ನಾ ಅನ್ಕೊಂಡೀನಿ.’

‘ತೌಡಿನ ಕಾವು ಅಂಗೈಗಷ್ಟ ಹತ್ತತೈತೇನಪ್ಪಾ? ಮನ್ಯಾಗ ಯಾರ್ಯಾರ ಅದೀರಿ?’

‘ನಾನು, ನಮ್ಮನಿಯಾಕಿ. ಆಕಿ ಬಸುರಿ ಅದಾಳ್ರಿ.’

ಅವನು ಹೇಳಿದ ಲಕ್ಷಣಗಳೆಲ್ಲ ಸಿಫಿಲಿಸ್‌ನವು. ಹೆಂಡತಿಗೆ ಹತ್ತಿದ್ದರೆ ಹೊಟ್ಟೆಯೊಳಗಿನ ಕೂಸಿಗೂ ಹತ್ತುತ್ತದೆ. ಕೂಸು ಸತ್ತು ಹುಟ್ಟಬಹುದು, ಹುಟ್ಟಿದರೂ ರೋಗ ಹೊತ್ತು ಹುಟ್ಟಬಹುದು. ಆದರೆ ಹೊತ್ತಿಗೆ ಸರಿಯಾಗಿ ಪೆನಿಸಿಲಿನ್ ಸೂಜಿ ಹಾಕಿಸಿದರೆ ಮೂವರೂ ಪಾರು. ಇದನ್ನು ಅವನಿಗೆ ಬಿಡಿಸಿ ಹೇಳಿದೆ. ನಮ್ಮಲ್ಲಿಗೆ ಬಾ ಎಂದೆ. ‘ನಿಮ್ಮ ಆಫೀಸಿಗೆ ಎಂಥಾರು ಬರ್ತಾರಂತ ಊರಿಗೆಲ್ಲ ಗೊತ್ತೈತ್ರಿ’ ಎಂದ. ಸರಕಾರಿ ಆಸ್ಪತ್ರೆಗೆ ಹೋಗು ಎಂದೆ. ಅಲ್ಲಿ ಅವನ ದೊಡ್ಡಪ್ಪನ ಮಗ ಕೆಲಸಕ್ಕಿದ್ದಾನಂತೆ. ಹೋಗಲಿ, ಹೆಂಡತಿಯನ್ನಾದರೂ ತಪಾಸಣೆಗೆ ಕಳಿಸು ಎಂದೆ. ‘ಏನಂತ ಹೇಳಿ ಕಳಿಸಲಿ?’ ಎಂದು ಅತ್ತುಬಿಟ್ಟ. ಅಷ್ಟರಲ್ಲಿ ಹಿಂದಿನಿಂದ ದನಿ ಬಂತು, ರಾಂಗ್ ನಂಬರ್ ಆಯಿತು. ಆಮೇಲೆ ಮಿಸ್ಡ್ ಕಾಲ್ ಬರುವುದೂ ನಿಂತಿತು. ನಾನಾಗಿ ಮಾಡಿದರೆ ಅವನ ಗುಟ್ಟು ಒಡೆಯುತ್ತದೆ, ಮಾಡದಿದ್ದರೆ ಕೂಸು ಹೋಗುತ್ತದೆ. ಊಟಕ್ಕೆ ಕೂತರೂ ಅದೇ ಚಿಂತೆ.

ಇಂಥ ಹೊತ್ತಿನಲ್ಲಿ ನಮ್ಮ ತಾಡಪತ್ರಿಯ ಸಂದೇಶ ಹೊರಟಿತು. ನಮ್ಮಲ್ಲಿದ್ದ ನಂಬರುಗಳೆಲ್ಲ ಸರಿ ಇರಲಿಲ್ಲ. ಹೆದರಿದವರು ಯಾರದೋ ನಂಬರು ಕೊಟ್ಟಿರುತ್ತಿದ್ದರು. ಸಂಡೂರಿನ ಒಬ್ಬ ಡ್ರೈವರ್ ತನ್ನ ಲಾರಿ ಮಾಲೀಕರ ನಂಬರನ್ನೇ ಕೊಟ್ಟಿದ್ದ. ಸಂದೇಶ ಹೋದ ಸ್ವಲ್ಪ ಹೊತ್ತಿಗೆ ಅವರ ಫೋನು ಬಂತು, ಎತ್ತಿದವನು ಹುಲುಗಪ್ಪ. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದ.

‘ತಾಡಪತ್ರಿ ಕೊಡೋರು ನೀವ ಏನ್ರಿ? ನನಗ ಭಾಳ ಬೇಕಾಗ್ಯಾವು.’

‘ಕೊಡೋಣ್ರಿ. ನಾಚ್ಕಿ ಪಡಬ್ಯಾಡ್ರಿ’ ಎಂದ ಹುಲುಗಪ್ಪ.

‘ನಾಚ್ಕಿ ಎಂಥಾದ್ದು? ಸೈಜ್ ಹ್ಯಾಂಗದಾವು?’

‘ಒಂದ ಸೈಜ್ ರೀ. ಎಲ್ಲಾರಿಗೂ ಆಗತೈತಿ.’

‘ಅದ್ಹ್ಯಾಂಗ ಆಗತೈತಿ? ನಂದು ಹತ್ತು ಗಾಲಿದು.’

ಹುಲುಗಪ್ಪ ಫೋನಿಗೆ ಕೈ ಅಡ್ಡ ಹಿಡಿದು, ಕಣ್ಣು ಅಗಲ ಮಾಡಿ, ‘ಅಕ್ಕಾ, ಹತ್ತು ಗಾಲಿದು ಅಂತಾನ’ ಎಂದು ಪಿಸುಗುಟ್ಟಿದ. ಮತ್ತೆ ಧೈರ್ಯ ತಂದುಕೊಂಡು, ‘ದಿನಕ್ಕ ಎಷ್ಟ್ ಟ್ರಿಪ್ ಆಗತಾವ್ರಿ?’ ಎಂದು ವಿಚಾರಿಸಿದ.

‘ಹೆಚ್ಚಿಗಿ ಅಂದ್ರ ನಾಕು. ರಸ್ತೆ ಖಾಲಿ ಇದ್ರ ಐದು.’

‘ಯಪ್ಪಾ. ಟ್ರಿಪ್ಪಿಗೊಂದು ಹೊಸಾದು ಹಾಕಬೇಕ್ರಿ ಮತ್ತ. ಹಳೇದು ತೊಳದು ಹಾಕಬಾರದು.’

‘ಹಳೇದು ಒಗದುಬಿಡೋದ? ಸರಕಾರ ಅಷ್ಟು ಕೊಡತೈತೇನ್ರಿ?’

‘ಎಷ್ಟ್ ಬೇಕಾದ್ರೂ ಕೊಡತೈತ್ರಿ. ಕಿಸೆದಾಗ ಇಟ್ಕೊಂಡು ಹೋಗಬಹುದು.’

ಬಹುಶಃ ಕಿಸೆಯಲ್ಲಿ ಹಿಡಿಯುವ ತಾಡಪತ್ರಿ ಎಂಥದೆಂದು ಅವರು ಯೋಚಿಸುತ್ತಿದ್ದರು. ನಾನು ಫೋನ್ ಕಿತ್ತುಕೊಳ್ಳುವಷ್ಟರಲ್ಲಿ, ‘ಪುಣ್ಯವಂತರು ನೀವು, ಎಲ್ಲಾರಿಗೂ ಹೇಳತೀನಿ’ ಎಂದು ಇಟ್ಟರು. ಹೇಳಿದರು ಕೂಡ. ಈಗ ಅದಕ್ಕೆ ವೈರಲ್ ಎನ್ನುತ್ತೀರಿ. ಆಗ ಅದಕ್ಕೆ ಹೆಸರಿರಲಿಲ್ಲ. ಅವರಿಂದ ಉಳಿದ ಲಾರಿಯವರಿಗೆ, ಲಾರಿಯವರಿಂದ ಕಂಪ್ಲಿಯ ಬೀಗರಿಗೆ, ಅಲ್ಲಿಂದ ಭತ್ತದವರಿಗೆ ನಮ್ಮ ಸಂದೇಶ ಫಾರ್ವರ್ಡ್ ಆಗುತ್ತ ಹೋಯಿತು. ಭತ್ತ ಕೊಯ್ದು ಒಣಹಾಕಿದ್ದ ದಿನಗಳು, ಮೋಡ ಬೇರೆ ಕವಿದಿತ್ತು. ಮರುದಿನ ನಾನು ಆಫೀಸಿಗೆ ಬರುವಷ್ಟರಲ್ಲಿ ಬಾಗಿಲಲ್ಲಿ ಒಂದು ಟ್ರ್ಯಾಕ್ಟರ್ ನಿಂತಿತ್ತು, ಟ್ರೇಲರಿನ ತುಂಬ ರೈತರು.

ನಾನು ತಲೆ ಚಚ್ಚಿಕೊಂಡೆ. ವಾಸುದೇವ ಸರ್ ಮಾತ್ರ, ‘ಬಂದೋರನ್ನ ಹಾಗೇ ಕಳಿಸಬಾರದು ರೀ, ಇವರೂ ಸಮುದಾಯದ ಒಂದು ಭಾಗ’ ಎಂದು ಎಲ್ಲರನ್ನೂ ಒಳಗೆ ಕೂರಿಸಿಬಿಟ್ಟರು. ಹುಲುಗಪ್ಪ ಒಂದು ಬಾಳೆಹಣ್ಣು ಹಿಡಿದು, ಕಾಂಡೋಮ್ ಹಾಕುವುದು ಹೇಗೆಂದು ತೋರಿಸತೊಡಗಿದ. ಕೇಳಿದರೆ ಮಾತ್ರ ತಾಡಪತ್ರಿ ಸಿಗುತ್ತದೆಂದು ತಿಳಿದು ರೈತರೂ ಕಣ್ಣು ಮಿಟುಕಿಸದೆ ನೋಡಿದರು. ಮುಗಿದ ಮೇಲೆ ಮುಂದೆ ಕೂತಿದ್ದ ಹಿರಿಯರೊಬ್ಬರು ಕೈ ಎತ್ತಿದರು.

‘ನಂದೂ ಬಾಳಿತ್ವಾಟ ಐತಪ್ಪ. ಗೊನಿಗೆ ಚೀಲ ಕಟ್ಟೋದು ನೋಡೀನಿ. ಹಿಂಗ ಒಂದೊಂದ್ ಹಣ್ಣಿಗೆ ಒಂದೊಂದು ಹಾಕ್ಕೋಂತ ಕುಂತ್ರ ತ್ವಾಟ ಯಾವಾಗ ಮುಗೀಬೇಕು?’

ಅವರಿಗೆ ನಿಜವಾಗಿ ತಿಳಿಯಲಿಲ್ಲವೋ, ನಮ್ಮನ್ನು ಆಡಿಸಿದರೋ ಇಂದಿಗೂ ಗೊತ್ತಿಲ್ಲ. ಹಿಂದೆ ಕೂತವರಂತೂ ಬಿದ್ದು ಬಿದ್ದು ನಕ್ಕರು. ತಾಡಪತ್ರಿ ಇಲ್ಲವೆಂದು ತಿಳಿದಾಗ ಬಾಯಿಗೆ ಬಂದಂತೆ ಬೈದು, ಟೇಬಲ್ಲಿನ ಮೇಲಿದ್ದ ಕಾಂಡೋಮಿನ ಪೆಟ್ಟಿಗೆ ಖಾಲಿ ಮಾಡಿಕೊಂಡು ಹೋದರು. ಅದೇ ಸಂಜೆ ಬಾಗಿಲಿಗೆ ಬೋರ್ಡು ಹಾಕಿಸಿದೆ: ‘ಇಲ್ಲಿ ತಾಡಪತ್ರಿ ಸಿಗುವುದಿಲ್ಲ.’

ಮಾರನೆಯ ದಿನ ಮಧ್ಯಾಹ್ನ ಒಂದು ಬೈಕ್ ಬಂದು ನಿಂತಿತು. ಹಿಂದಿನಿಂದ ಇಳಿದ ಹೆಣ್ಣುಮಗಳಿಗೆ ಇಪ್ಪತ್ತೈದರ ಆಸುಪಾಸು, ಹೊಟ್ಟೆ ಆಗಲೇ ಕಾಣಿಸುತ್ತಿತ್ತು. ಬೋರ್ಡು ಓದಿಯೂ ಒಳಗೆ ಬಂದಳು.

‘ಬೋರ್ಡ್ ನೋಡ್ಲಿಲ್ಲೇನವ್ವ?’ ಎಂದೆ.

‘ನೋಡಿನ್ರಿ. ಸಿಗಂಗಿಲ್ಲ ಅಂತ ಬೋರ್ಡ್ ಹಾಕೀರಿ ಅಂದ್ರ ನಿನ್ನಿತನ ಸಿಗತಿದ್ವು ಅಂತ ಅರ್ಥ. ಒಳಗ ಒಂದೆರಡರ ಉಳದಿರತಾವು, ಕೊಡ್ರಿ. ನೀವ ಮೆಸೇಜ್ ಕಳಿಸೀರಿ, ನಾನ ಓದೀನಿ. ನಮ್ಮನಿಯವರು ಬ್ಯಾಡ ಬ್ಯಾಡ ಅಂದ್ರೂ ನಾನ ಹೊಂಡಿಸ್ಕೊಂಡು ಬಂದೀನಿ. ಭತ್ತ ಎಲ್ಲಾ ಬಯಲಾಗ ಬಿದ್ದೈತಿ.’

ಬಾಗಿಲ ಹೊರಗೇ ನಿಂತಿದ್ದ ಗಂಡ, ‘ಇಲ್ಲಂತ ಹೇಳಾಕ ಹತ್ತ್ಯಾರ, ನಡಿ ಹೋಗೂನು’ ಎಂದ. ಆ ದನಿ ನನಗೆ ಗೊತ್ತಿತ್ತು. ಎದ್ದು ಹೋಗಿ ನೋಡಿದೆ. ಬೈಕಿನ ಕೀಲಿ ಹಿಡಿದ ಅಂಗೈಯಲ್ಲಿ ಕೆಂಪು ಚುಕ್ಕಿಗಳು. ನನ್ನ ಮುಖ ನೋಡಿದ್ದೇ ಚನ್ನಬಸಪ್ಪ ಬೆವತುಹೋದ.

‘ಕೊಡೋಣ, ಕುಂದ್ರಿ ಇಬ್ಬರೂ’ ಎಂದೆ. ಇಲ್ಲದ್ದನ್ನು ಎಲ್ಲಿಂದ ಕೊಡುತ್ತೀರಿ ಎಂದು ಕೇಳಲು ವಾಸುದೇವ ಸರ್ ಬಾಯಿ ತೆರೆದರು. ನಾನು ಕಣ್ಣು ಬಿಟ್ಟೆ. ಬಾಯಿ ಮುಚ್ಚಿದರು. ಹುಲುಗಪ್ಪನನ್ನು ಪಕ್ಕಕ್ಕೆ ಕರೆದು, ಬಜಾರಿಗೆ ಹೋಗಿ ಒಂದು ನಿಜವಾದ ತಾಡಪತ್ರಿ ತಾ ಎಂದು ಅಟ್ಟಿದೆ. ನೀಲಮ್ಮನಿಗೆ, ಅವಳನ್ನು ಹಾಗೆ ಕರೆಯುತ್ತೇನೆ, ಇಲ್ಲಿ ಡಾಕ್ಟರಿದ್ದಾರೆ, ಬಸುರಿಯರಿಗೆ ಯಾವ ಯಾವ ರೋಗ ಇದೆಯೋ ಇಲ್ಲವೋ ಎಂದು ರಕ್ತ ನೋಡಿಸುತ್ತೇವೆ, ಜೊತೆಗೆ ಗಂಡನದನ್ನೂ ನೋಡಬೇಕು ಎಂದು ರೋಗಗಳ ಹೆಸರು ಹಿಡಿದೇ ಹೇಳಿದೆ.

‘ನನ್ನದು ನೋಡ್ರಿ, ಒಲ್ಲೆ ಅನ್ನಂಗಿಲ್ಲ. ಅವರದ್ಯಾಕ್ರಿ?’

‘ಕೂಸು ಇಬ್ಬರದೂ ಅಲ್ಲೇನವ್ವ?’

‘ಹೌದ ಬಿಡ್ರಿ’ ಎಂದು ತೋಳು ಚಾಚಿದಳು. ಗಂಡನಿಗೂ ಬೇರೆ ದಾರಿ ಉಳಿಯಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಫಲಿತಾಂಶ ಬಂತು.

ಎಚ್‌ಐವಿ ಇಬ್ಬರಿಗೂ ಇರಲಿಲ್ಲ. ಸಿಫಿಲಿಸ್ ಇಬ್ಬರಿಗೂ ಇತ್ತು. ಚನ್ನಬಸಪ್ಪನನ್ನು ಒಬ್ಬನನ್ನೇ ಒಳಗೆ ಕರೆದು ಹೇಳಿದೆ. ‘ಆಕಿಗೆ ನೀವ ಹೇಳ್ರಿ ಅಕ್ಕಾರ, ನಿಮ್ಮ ಕಾಲಿಗೆ ಬೀಳ್ತೀನಿ’ ಎಂದ. ‘ಆಕಿ ರಕ್ತದಾಗ ಏನೈತಿ ಅಂತ ನಾ ಹೇಳ್ತೀನಿ. ನಿನ್ನ ಮಾತು ನೀನ ಹೇಳಬೇಕು. ನಾ ಬಾಜೂಕ ಕುಂದಿರ್ತೀನಿ’ ಎಂದೆ.

ನೀಲಮ್ಮನನ್ನು ಕರೆದು ಎದುರಿಗೆ ಕೂರಿಸಿದೆ. ರೋಗ ಇದೆ, ಇಬ್ಬರಿಗೂ ಇದೆ ಎಂದೆ. ಅವಳು ಗಂಡನ ಕಡೆ ತಿರುಗಿದಳು. ಅವನು ಬಾಯಿ ತೆರೆದ, ದನಿ ಹೊರಡಲಿಲ್ಲ. ಕೊನೆಗೆ ಕಿಸೆಯಿಂದ ಮೊಬೈಲ್ ತೆಗೆದು ಹೆಬ್ಬೆರಳಿನಿಂದ ಒತ್ತತೊಡಗಿದ. ಯಾರಿಗೂ ಕಳಿಸುವ ಸಂದೇಶವಲ್ಲ ಅದು. ಇಬ್ಬರಿಗೂ ಸೇರಿ ಇದ್ದದ್ದೇ ಆ ಒಂದು ಫೋನು. ಬರೆದು ಮುಗಿಸಿ ಅವಳ ಕೈಗಿಟ್ಟ.

ಇಂಗ್ಲಿಷ್ ಅಕ್ಷರ ಕೂಡಿಸಿ ಓದಬೇಕಾದ್ದರಿಂದ ನೀಲಮ್ಮ ಬಾಯಿ ಬಿಟ್ಟು ಓದಿದಳು. ‘ನಾನು… ತಾಡಪತ್ರಿ… ಇಲ್ಲದ… ಹೋಗಿದ್ದೆ. ಗಂಡಸರ ಕೂಡ…’ ಅಲ್ಲಿಂದ ಮುಂದೆ ತುಟಿಗಳಷ್ಟೇ ಆಡಿದವು. ತಪ್ಪಾಯಿತು, ಕೂಸಿಗಾಗಿ ಸೂಜಿ ಹಾಕಿಸಿಕೋ ಎಂದು ಬರೆದಿದ್ದನಂತೆ, ಆಮೇಲೆ ಅವಳೇ ಹೇಳಿದಳು.

‘ತಾಡಪತ್ರಿ ಅಂದ್ರ ಏನ್ರಿ ಅಕ್ಕಾರ?’ ಎಂದು ಕೇಳಿದಳು. ನಾನು ಮೇಜಿನ ಖಾನೆಯಿಂದ ಒಂದು ಕಾಂಡೋಮ್ ತೆಗೆದು ಮುಂದಿಟ್ಟೆ. ಅದನ್ನು ನೋಡಿದಳು, ಫೋನ್ ನೋಡಿದಳು. ಗಂಡನನ್ನು ನೋಡಲಿಲ್ಲ. ಅಳುತ್ತಾಳೆಂದು ನಾನು ಕಾದೆ.

‘ಸೂಜಿ ಹಾಕಿದ್ರ ಕೂಸಿಗೆ ಏನೂ ಆಗಂಗಿಲ್ಲಲ್ರಿ?’

‘ಈಗ ಹಾಕಿಸಿಕೊಂಡ್ರ ಪಾರಾಗತೈತವ್ವ. ಡಾಕ್ಟರು ಹೇಳಿದಷ್ಟು ವಾರ ತಪ್ಪಸಬಾರದು.’

‘ಹಂಗಾರ ನನಗ ಮೊದಲ ಹಾಕ್ರಿ. ಅವರಿಗೆ ಹಾಕೋ ಮುಂದ ನಾನೂ ಒಳಗ ಬರ್ತೀನಿ. ಚೀರೋದು ನನಗ ಕೇಳಬೇಕು.’

ಅದೇ ಹೊತ್ತಿಗೆ ಬಾಗಿಲು ತಳ್ಳಿಕೊಂಡು ಹುಲುಗಪ್ಪ ಬಂದ. ಹೆಗಲ ಮೇಲೆ ದೊಡ್ಡ ಸುರುಳಿ, ಮುಖದ ತುಂಬ ಬೆವರು. ‘ಅಕ್ಕಾ, ಭಾರಿ ದೊಡ್ಡದ ಸಿಕ್ತು. ಎಷ್ಟ ಮಳಿ ಬಂದ್ರೂ ಒಂದ್ ಹನಿ ಒಳಗ ಹೋಗಂಗಿಲ್ಲ’ ಎಂದ. ನೀಲಮ್ಮ ಒಮ್ಮೆ ಅವನನ್ನು, ಒಮ್ಮೆ ಮೇಜಿನ ಮೇಲಿನ ಸಣ್ಣ ಪೊಟ್ಟಣವನ್ನು ನೋಡಿ, ‘ಎರಡೂ ಕೊಡ್ರಿ’ ಎಂದಳು.

ಚನ್ನಬಸಪ್ಪ ಚೀರಿದ. ಪೆನಿಸಿಲಿನ್ ಸೂಜಿ ಸೊಂಟದ ಕೆಳಗೆ ಹಾಕುವಂಥದ್ದು, ಎಂಥ ಗಂಡಾಳೂ ಚೀರುತ್ತಾನೆ. ಮುಂದಿನ ವಾರಗಳಲ್ಲಿ ನೀಲಮ್ಮ ಒಂದು ದಿನವೂ ತಪ್ಪಿಸದೆ ಅವನನ್ನು ಎಳೆದುಕೊಂಡು ಬಂದಳು. ನಮ್ಮ ಬಾಗಿಲಲ್ಲಿ ಯಾರಾದರೂ ಕಂಪ್ಲಿಯವರು ಸಿಕ್ಕರೆ ಅವಳೇ ಮುಂದಾಗಿ, ‘ತಾಡಪತ್ರಿ ಕೇಳಾಕ ಬಂದಿದ್ವಿ’ ಎನ್ನುತ್ತಿದ್ದಳು. ಎಲ್ಲರೂ ನಂಬುತ್ತಿದ್ದರು.

ವಾಸುದೇವ ಸರ್ ಆಮೇಲೆ ಒಂದು ಸಭೆ ಕರೆದು, ಸಂದೇಶ ತಪ್ಪಿದ್ದೆಲ್ಲಿ ಎಂದು ಚರ್ಚೆಗಿಟ್ಟರು. ‘ತಾಡಪತ್ರಿ’ಗೆ ಬದಲು ಬೇರೆ ಮಾತು ಬಂತು, ಅದಕ್ಕೂ ಬೇರೆ ಪೇಚಾಟಗಳಾದವು. ಆ್ಯಪಿನ ಹುಡುಗರಿಗೆ ನಾನು ಹೇಳುವುದು ಇಷ್ಟೆ. ಹೆಂಡತಿ ಓದಬಾರದು ಎಂಬುದೊಂದನ್ನೇ ತಲೆಯಲ್ಲಿಟ್ಟುಕೊಂಡು ನಾವು ಪ್ರತಿ ಅಕ್ಷರ ಬರೆದೆವು. ಆ ಗಂಡಸರ ಗುಟ್ಟು ಕಾಯಲೇಬೇಕು, ಅದು ಸರಿ. ಆದರೆ ಅವಳು ಇದ್ದಾಳೆ, ಅವಳಿಗೂ ರಕ್ತ ಇದೆ ಎಂದು ನಮ್ಮ ಯಾವ ಸಂದೇಶದಲ್ಲೂ ಇರಲಿಲ್ಲ. ನಿಮ್ಮ ಆ್ಯಪಿನಲ್ಲಿ ಅವಳಿಗೆ ಎಲ್ಲಿ ಜಾಗ ಎಂದು ನನಗೆ ತೋರಿಸಿ. ಆಗ ನಿಮ್ಮ ಜೊತೆ ನಾನೂ ನಗುತ್ತೇನೆ.

ಕೂಸು ತಿಂಗಳು ತುಂಬಿ ಹುಟ್ಟಿತು. ಹೆಣ್ಣು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ರೋಗ ತಾಗಿಲ್ಲ ಎಂದರು. ಆ ಸುದ್ದಿ ಕೇಳಿ ಹುಲುಗಪ್ಪ ಆಫೀಸಿನಲ್ಲಿ ಕುಣಿದುಬಿಟ್ಟ. ಬಾಣಂತನ ಮುಗಿದ ಮೇಲೆ ನೀಲಮ್ಮ ಕೂಸನ್ನು ತೋರಿಸಲು ಬಂದಳು. ಹಳೆಯ ಅಭ್ಯಾಸ, ನಾನು ಮೊದಲು ತೂಕ ಹಿಡಿದೆ. ತೂಕ ಚೆನ್ನಾಗಿತ್ತು. ಆಮೇಲೆ ಅವಳು ಕೂಸನ್ನು ಗಂಡನ ಕೈಗೆ ಕೊಟ್ಟು, ‘ಸ್ವಲ್ಪ ಹೊರಗ ಅಡ್ಡಾಡಿಸ್ರಿ’ ಎಂದು ಕಳಿಸಿ, ನನ್ನ ಎದುರಿಗೆ ಕೂತಳು.

‘ಅಕ್ಕಾರ, ಅವರಿಗೆ ಗಂಡಸರ ಮ್ಯಾಲೆ ಮನಸ್ಸು ಹೋಗೋದು. ಅದಕ್ಕೂ ಸೂಜಿ ಐತೇನ್ರಿ?’

‘ಇಲ್ಲವ್ವ. ಅದು ರೋಗ ಅಲ್ಲ. ಕೆಲವರು ಹುಟ್ಟಾ ಹಂಗ ಇರ್ತಾರ.’

‘ಅವರೂ ಹಂಗ ಅಂದ್ರು. ಸಣ್ಣಾವ ಇದ್ದಾಗಿಂದ ಐತಿ, ಮದಿವಿ ಆಗೋ ಮೊದಲೂ ಇತ್ತು ಅಂತ. ಅದು ಖರೇ ಇರತೈತೇನ್ರಿ? ನನಗ ಸಮಾಧಾನ ಆಗಲಿ ಅಂತ ಹೇಳ್ಯಾರೋ ಏನೋ.’

‘ಖರೇನ ಇರತೈತವ್ವ.’

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ರೋಗದ ಹೆಸರು ಕೇಳಿ ಅಳದವಳು, ಸೂಜಿಗೆ ಅಳದವಳು, ಈಗ ಅಳತೊಡಗಿದಳು. ನನ್ನ ಕಣ್ಣಲ್ಲೂ ನೀರು ಬಂತು.

‘ಮದಿವ್ಯಾದಾಗಿಂದ ನನ್ನಾಗ ಏನೋ ಕಡಿಮಿ ಐತಿ ಅಂತ ತಿಳ್ಕೊಂಡಿದ್ದೆರಿ ನಾನು’ ಎಂದಳು. ‘ಏನೂ ಇದ್ದಿಲ್ಲ.’

ಮುಖ ಒರೆಸಿಕೊಂಡು ಎದ್ದು, ಬಾಗಿಲಿಗೆ ಹೋಗಿ ಹೊರಗೆ ಇಣುಕಿದಳು. ‘ಬಿಸಲಾಗ ಯಾಕ ನಿಂತೀರಿ? ಕೂಸಿನ್ನ ತಗೊಂಡು ಒಳಗ ಬರ್ರಿ’ ಎಂದಳು.